ವೈರಾಣು ಎದೆಯಲ್ಲಿ, ಸೋರಿಕೆ ತಲೆಯಲ್ಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಕಳೆದ ವಾರ ‘ಮಿದುಳಿಗೂ ನುಗ್ಗುವ ಕೊರೊನಾ’ ಎಂಬ ತಲೆಬರಹದಡಿ ಬಂದ ಬರಹವನ್ನು ಓದಿದೆ. ವೈದ್ಯಕೀಯ ಕಾಲೇಜಿನಲ್ಲಿ ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರದ ಪಾಠ ಮಾಡಿ ನಿವೃತ್ತನಾದ ನನಗೆ ಆ ಬರಹದ ಉದ್ದೇಶದ ಬಗ್ಗೆ ತಕರಾರಿಲ್ಲ. ಕೋವಿಡ್ ಬಂದು ಹೋದ ಮೇಲೆ ಮರೆವು ಕಾಡುತ್ತಿದೆ, ಒಂದು ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎನ್ನುವವರ ಮಾತನ್ನು ಅದು ಗಂಭೀರವಾಗಿ ತೆಗೆದುಕೊಂಡಿದೆ. ಅಷ್ಟರ ಮಟ್ಟಿಗೆ ಅದು ಕೆಲವು ವೈದ್ಯರಿಗಿಂತಲೂ ಮುಂದಿದೆ. ನನ್ನ ತಕರಾರು ‘ನುಗ್ಗುವ’ ಎಂಬ ಒಂದೇ ಪದದ ಮೇಲೆ. ಒಂದು ಪದಕ್ಕಾಗಿ ಇಷ್ಟುದ್ದದ ಪತ್ರವೇ ಎಂದು ತಾವು ಕೇಳಬಹುದು. ಆ ಪದ ನಮ್ಮ ಮನೆಯಲ್ಲಿ ಏನು ಮಾಡಿತು ಎಂಬುದನ್ನು ಹೇಳಿದರೆ ಕಾರಣ ತಿಳಿದೀತು.

ನನ್ನ ತಮ್ಮ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಧಾರಣೆಯ ಚೀಟಿಗಳನ್ನು ಮುಂದೆ ಹರವಿಕೊಂಡು, ತೂಕ, ದರ, ಹಮಾಲಿ, ಮುಂಗಡ ಎಲ್ಲವನ್ನೂ ಬಾಯಲ್ಲೇ ಗುಣಿಸಿ, ಕಳೆದು, ಕೂಡಿ ಬರೆಯುತ್ತಿದ್ದ ಅವನಿಗೆ ಕ್ಯಾಲ್ಕುಲೇಟರ್ ಎಂದರೆ ಒಂದು ಬಗೆಯ ಅಸಡ್ಡೆ. 2021ರ ಮೇ ತಿಂಗಳಲ್ಲಿ ಅವನಿಗೆ ಕೋವಿಡ್ ಬಂತು. ನಾಲ್ಕು ದಿನ ಜ್ವರ, ವಾರವಿಡೀ ಕೆಮ್ಮು, ಅಷ್ಟೇ. ಆಮ್ಲಜನಕದ ಮಟ್ಟ 95ಕ್ಕಿಂತ ಕೆಳಗಿಳಿಯಲಿಲ್ಲ, ಆಸ್ಪತ್ರೆಗೆ ಸೇರುವ ಪ್ರಮೇಯವೂ ಬರಲಿಲ್ಲ. ಗುಣವಾಗಿ ಮಂಡಿಗೆ ಮರಳಿದವನು ಕೂಡುವಾಗ ದಶಕ ಮರೆಯತೊಡಗಿದ. ಸಾಲಿನ ಕೆಳಗೆ ಏಳು ಬರೆದು, ಕೈಯಲ್ಲಿ ನಾಲ್ಕು ಎಂದುಕೊಂಡು ಎಡಗಡೆಯ ಸಾಲಿಗೆ ಕಣ್ಣು ಹಾಯಿಸುವಷ್ಟರಲ್ಲಿ ಆ ನಾಲ್ಕು ಎಲ್ಲಿಗೋ ಹೋಗಿರುತ್ತಿತ್ತು. ಚಿಕ್ಕ ಮಕ್ಕಳ ಹಾಗೆ ಬೆರಳ ಗೆಣ್ಣು ಮಡಚಿ ಹಿಡಿದುಕೊಂಡು ಲೆಕ್ಕ ಮಾಡುವುದನ್ನು ನಾನೇ ನೋಡಿದ್ದೇನೆ. ಆಗ ಅವನಿಗೆ ಐವತ್ತೆರಡು. ತೋರಿಸಿದ ವೈದ್ಯರು ವಯಸ್ಸಾಯಿತಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ ಎಂದು ಒಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಕಾಲ ಕಳೆದಂತೆ ತಕ್ಕಮಟ್ಟಿಗೆ ಸುಧಾರಿಸಿಕೊಂಡಿದ್ದವನು ಕಳೆದ ವಾರ ತಮ್ಮ ಪತ್ರಿಕೆಯನ್ನು ಹಿಡಿದುಕೊಂಡೇ ಮನೆಗೆ ಬಂದ. “ಅಣ್ಣಾ, ಹಾಗಾದ್ರೆ ಆ ವೈರಸ್ಸು ಇನ್ನೂ ನನ್ನ ತಲೆಯೊಳಗೇ ಇದೆಯಾ?” ಎಂದು ಕೇಳಿದ.

ಅವನಿಗೆ ಕೊಟ್ಟ ಉತ್ತರವನ್ನೇ ತಮಗೂ ಬರೆಯುತ್ತಿದ್ದೇನೆ. ಉಸಿರಾಟದ ದಾರಿಯಲ್ಲಿ ಬರುವ ವೈರಾಣು ಮಿದುಳನ್ನು ಕೆಡಿಸಬೇಕಾದರೆ ಮಿದುಳಿನೊಳಗೆ ಹೋಗಿ ಮನೆ ಮಾಡಲೇಬೇಕೆಂದಿಲ್ಲ. ಅದು ಶ್ವಾಸಕೋಶದಲ್ಲೇ ಉಳಿದು, ಮಿದುಳನ್ನು ಕಾಯುವ ರಕ್ತನಾಳಗಳ ಒಳಪದರವನ್ನು ದೂರದಿಂದಲೇ ಹದಗೆಡಿಸಬಲ್ಲದು. ನುಗ್ಗುವುದು ಬೇರೆ, ಸೋರುವಂತೆ ಮಾಡುವುದು ಬೇರೆ. ನುಗ್ಗಿದ್ದು ಒಳಗೇ ಕುಳಿತಿದೆ ಎಂಬ ಭಯ ಹುಟ್ಟಿಸುತ್ತದೆ. ಸೋರಿದ್ದು ಮತ್ತೆ ಬಿಗಿಯಾಗಲೂಬಹುದು.

‘ರಕ್ತ–ಮಿದುಳು ತಡೆಗೋಡೆ’ ಎಂದು ಪಠ್ಯಪುಸ್ತಕಗಳು ಅನುವಾದಿಸಿರುವ, ವೈದ್ಯರು ಬ್ಲಡ್ ಬ್ರೈನ್ ಬ್ಯಾರಿಯರ್ ಎಂದೇ ಕರೆಯುವ ಈ ವ್ಯವಸ್ಥೆಯನ್ನು ವಿದ್ಯಾರ್ಥಿಗಳು ಪ್ರತಿ ವರ್ಷವೂ ಮಿದುಳಿನ ಸುತ್ತ ಕಟ್ಟಿದ ಕೋಟೆಯಂತೆ ಕಲ್ಪಿಸಿಕೊಂಡು ಉತ್ತರಪತ್ರಿಕೆಯಲ್ಲಿ ಒಂದು ದುಂಡಗಿನ ಗೆರೆ ಎಳೆಯುತ್ತಿದ್ದರು. ತಪ್ಪು ಅವರದಲ್ಲ, ‘ಗೋಡೆ’ ಎಂಬ ಅನುವಾದದ್ದು. ಅದು ಊರ ಸುತ್ತಿನ ಕೋಟೆಯಲ್ಲ. ಊರೊಳಗಿನ ಪ್ರತಿ ಮನೆಗೂ ನೀರು ಒಯ್ಯುವ ಕೊಳವೆಯ ಮೈ. ಅಡಿಕೆ ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ದೇಹದ ಬೇರೆ ಕಡೆಗಳ ಲೋಮನಾಳಗಳು, ಅಂದರೆ ಕೂದಲೆಳೆಯಂಥ ಸಣ್ಣ ರಕ್ತನಾಳಗಳು, ಹನಿ ನೀರಾವರಿಯ ಪೈಪಿನಂತೆ, ಹೋಗುವ ದಾರಿಯುದ್ದಕ್ಕೂ ಅಲ್ಲಲ್ಲಿ ಒಸರುತ್ತಲೇ ಇರಬೇಕು. ಮಿದುಳಿನ ಲೋಮನಾಳಗಳು ಬೋರ್‌ವೆಲ್ಲಿನಿಂದ ತೊಟ್ಟಿಗೆ ಹೋಗುವ ಪೈಪಿನಂತೆ, ಕೀಲಿನಲ್ಲೂ ಹನಿ ಜಿನುಗಕೂಡದು.

ಇದು ಗೊತ್ತಾದ ಬಗೆಯೂ ಸ್ವಾರಸ್ಯವಾಗಿದೆ. ಜರ್ಮನಿಯ ಪಾಲ್ ಎರ್ಲಿಷ್ 1885ರಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿದಾಗ ದೇಹದ ಅಂಗಗಳೆಲ್ಲ ಬಣ್ಣ ಹತ್ತಿಸಿಕೊಂಡವು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಆ ಬಣ್ಣವನ್ನು ಹಿಡಿದಿಡುವ ಗುಣ ಮಿದುಳಿಗಿಲ್ಲ ಎಂದು ಎರ್ಲಿಷ್ ಭಾವಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ರಕ್ತಕ್ಕಲ್ಲ, ಮಿದುಳು ತೇಲುವ ದ್ರವಕ್ಕೇ ಚುಚ್ಚಿದರು; ಈ ಬಾರಿ ಮಿದುಳು ನೀಲಿಯಾಯಿತು, ಉಳಿದ ದೇಹ ಆಗಲಿಲ್ಲ. ಗುರುವಿನ ಊಹೆಯನ್ನು ಶಿಷ್ಯ ಹೀಗೆ ಸದ್ದಿಲ್ಲದೆ ಬಗೆಹರಿಸಿದ್ದನ್ನು ಪಾಠದಲ್ಲಿ ಹೇಳುವುದು ನನಗೆ ಯಾವಾಗಲೂ ಇಷ್ಟವಾಗಿತ್ತು. ತಡೆ ಇರುವುದು ಯಾವ ಜಾಗದಲ್ಲಿ ಎಂಬುದು ಕಣ್ಣಿಗೆ ಕಂಡದ್ದು 1967ರಲ್ಲಿ, ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬ ವಿಜ್ಞಾನಿಗಳು ಇಲಿಗಳ ರಕ್ತಕ್ಕೆ ಒಂದು ಕಿಣ್ವವನ್ನು ಬಿಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದಾಗ. ಲೋಮನಾಳದ ಒಳಮೈಯ ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಂಡಿದ್ದ ಕೀಲಿನಲ್ಲೇ ಆ ಕಿಣ್ವ ತಡೆದು ನಿಂತಿತ್ತು.

ಆ ಕೀಲುಗಳನ್ನು ಬಿಗಿ ಸಂಧಿಗಳು ಎನ್ನುತ್ತಾರೆ. ಕ್ಲಾಡಿನ್–5, ಆಕ್ಲುಡಿನ್ ಮುಂತಾದ ಪ್ರೋಟೀನುಗಳು ಅಕ್ಕಪಕ್ಕದ ಎರಡು ಕೋಶಗಳನ್ನು ಹೊಲಿಗೆ ಹಾಕಿದಂತೆ ಸೇರಿಸಿ ಹಿಡಿದಿರುತ್ತವೆ. ನಾಳದ ಹೊರಮೈಗೆ ಪೆರಿಸೈಟ್ ಎಂಬ ಕೋಶಗಳು ಅಪ್ಪಿಕೊಂಡಿರುತ್ತವೆ, ಅದರಾಚೆ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳು ತಮ್ಮ ಪಾದಗಳನ್ನು ಊರಿರುತ್ತವೆ. ಈ ನೆರೆಹೊರೆಯವರ ಸೂಚನೆಯಿಲ್ಲದೆ ಒಳಪದರ ತನ್ನ ಬಿಗಿಯನ್ನು ಉಳಿಸಿಕೊಳ್ಳಲಾರದು. ಒಬ್ಬ ಮನುಷ್ಯನ ಮಿದುಳಿನ ಲೋಮನಾಳಗಳನ್ನು ಒಂದರ ತುದಿಗೆ ಒಂದು ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಎಂದು ಅಂದಾಜು, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಕಲಬುರಗಿಯ ದಾರಿ. ಅಷ್ಟು ದೂರದ ಪೈಪಿನಲ್ಲಿ ಕೀಲುಗಳೆಷ್ಟಿರಬಹುದು, ಊಹಿಸಿಕೊಳ್ಳಿ.

ಬರೀ ತಡೆಯುವುದೇ ಅದರ ಕೆಲಸವಲ್ಲ. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳು ದೇಹದ ಶಕ್ತಿಯ ಶೇಕಡ 20ರಷ್ಟನ್ನು ಬಳಸುತ್ತದೆಯಾದ್ದರಿಂದ, ಸಕ್ಕರೆಯನ್ನು ಎಡೆಬಿಡದೆ ಒಳಗೆ ದಾಟಿಸಲು ಆ ಕೋಶಗಳಲ್ಲಿ ಪ್ರತ್ಯೇಕ ಬಾಗಿಲುಗಳಿವೆ. ಪಾರ್ಕಿನ್ಸನ್ ಕಾಯಿಲೆಯವರ ಮಿದುಳಿಗೆ ಬೇಕಾದದ್ದು ಡೋಪಮೀನ್. ಆದರೆ ಅದನ್ನೇ ಕೊಟ್ಟರೆ ಗೋಡೆ ದಾಟುವುದಿಲ್ಲ. ಅದರ ಪೂರ್ವರೂಪವಾದ ಲೆವೊಡೋಪವನ್ನು ಕೊಟ್ಟರೆ ಅಮೈನೊ ಆಮ್ಲಗಳ ಬಾಗಿಲಿನಿಂದ ಒಳಗೆ ಹೋಗಿ ಅಲ್ಲಿ ಡೋಪಮೀನ್ ಆಗುತ್ತದೆ. ನಮ್ಮ ಬೇಲಿಗಳಲ್ಲಿ ಬೆಳೆದು ಮೈಯೆಲ್ಲ ತುರಿಸುವಂತೆ ಮಾಡುವ ನಸುಗುನ್ನಿಯ ಬೀಜದಲ್ಲಿರುವುದೂ ಇದೇ ಲೆವೊಡೋಪ. ಇನ್ನೂ ಹತ್ತಿರದ ಉದಾಹರಣೆ ನೆಗಡಿಯ ಮಾತ್ರೆ: ಹಳೆಯ ಕಾಲದ್ದು ಗೋಡೆ ದಾಟಿ ತೂಕಡಿಕೆ ತರುತ್ತದೆ, ಹೊಸ ತಲೆಮಾರಿನದನ್ನು ಗೋಡೆ ಬಹುಮಟ್ಟಿಗೆ ಹೊರಗೇ ಇಡುವುದರಿಂದ ಅಷ್ಟು ನಿದ್ದೆ ಬರುವುದಿಲ್ಲ.

ಇನ್ನು ವೈರಾಣುವಿನ ವಿಷಯ. ಕೋವಿಡ್‌ನಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲಿ ಸಂಭವಿಸಿದ್ದು 2020ರ ಮಾರ್ಚಿನಲ್ಲಿ. ಆಗ ನಾವೆಲ್ಲ ಅದನ್ನು ಶ್ವಾಸಕೋಶದ ಕಾಯಿಲೆ ಎಂದೇ ತಿಳಿದಿದ್ದೆವು. ಆ ವರ್ಷದ ಕೊನೆಯ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಭಾರತ ಮೂಲದ ನರವೈದ್ಯ ಅವೀಂದ್ರ ನಾಥ್ ಮತ್ತು ಸಂಗಡಿಗರು ಕೋವಿಡ್ ತಗುಲಿ ಮೃತರಾದ 19 ಮಂದಿಯ ಮಿದುಳಿನ ಅಂಗಾಂಶವನ್ನು ಪರೀಕ್ಷಿಸಿ ವರದಿ ಮಾಡಿದರು. ಹಲವರ ಮಿದುಳಿನಲ್ಲಿ ಸಣ್ಣ ರಕ್ತನಾಳಗಳ ಮೈ ತೆಳುವಾಗಿತ್ತು, ಸುತ್ತ ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನ್ ಹೊರಗೆ ಸೋರಿ ನಿಂತಿತ್ತು. ಆ ಪ್ರೋಟೀನ್ ಅಲ್ಲಿ ಇರಕೂಡದ್ದು; ಮಿದುಳಿನ ಅಂಗಾಂಶದಲ್ಲಿ ಅದು ಕಂಡಿತೆಂದರೆ ಪೈಪು ಸೋರಿದೆ ಎಂದೇ ಅರ್ಥ. ಅಷ್ಟಾಗಿಯೂ, ಅವರು ಹುಡುಕಿದ ಅಂಗಾಂಶದಲ್ಲಿ ವೈರಾಣು ಸಿಗಲಿಲ್ಲ. ನನ್ನ ತಮ್ಮನ ಪ್ರಶ್ನೆಗೆ ಉತ್ತರದ ಬಹುಪಾಲು ಇಲ್ಲೇ ಇದೆ: ಹಾನಿ ಇತ್ತು, ಹಾನಿ ಮಾಡಿದವನು ಆ ಜಾಗದಲ್ಲಿ ಇರಲಿಲ್ಲ. ಬೇರೆ ಕೆಲವು ಮರಣೋತ್ತರ ಪರೀಕ್ಷೆಗಳಲ್ಲಿ, ಅದರಲ್ಲೂ ತೀವ್ರ ಕಾಯಿಲೆಯಿಂದ ಸತ್ತವರಲ್ಲಿ, ಮಿದುಳಿನಲ್ಲೂ ವೈರಾಣುವಿನ ಆರ್‌ಎನ್‌ಎ ಸಿಕ್ಕಿದ್ದುಂಟು. ಆದ್ದರಿಂದ ಅದು ಎಂದೂ ಒಳಗೆ ಹೋಗುವುದೇ ಇಲ್ಲ ಎಂಬುದು ನನ್ನ ವಾದವಲ್ಲ. ಹೋಗದಿದ್ದಾಗಲೂ ಮಿದುಳು ಕೆಡಬಲ್ಲದು ಎಂಬುದಷ್ಟೇ ವಾದ.

ಹಾಗಾದರೆ ಸೋರಿಕೆ ಹೇಗಾಗುತ್ತದೆ? ಒಂದು ದಾರಿಯನ್ನು ಜರ್ಮನಿಯ ಲ್ಯೂಬೆಕ್‌ನ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ವೈರಾಣು ರಕ್ತನಾಳದ ಒಳಮೈಯ ಕೋಶಕ್ಕೆ ಹೊಕ್ಕರೆ, ತನ್ನ ಪ್ರೋಟೀನುಗಳನ್ನು ಕತ್ತರಿಸಿ ಸಿದ್ಧಪಡಿಸಿಕೊಳ್ಳಲು ಇಟ್ಟುಕೊಂಡಿರುವ ಕತ್ತರಿಯಂಥ ಕಿಣ್ವದಿಂದಲೇ ಆ ಕೋಶದ ‘ನೀಮೊ’ ಎಂಬ ಪ್ರೋಟೀನನ್ನೂ ಕತ್ತರಿಸಿಹಾಕುತ್ತದೆ. ನೀಮೊ ಇಲ್ಲದ ಕೋಶ ಬದುಕುವುದು ಕಷ್ಟ. ಕೋಶ ಸತ್ತ ಮೇಲೆ ಉಳಿಯುವುದು ರಕ್ತ ಹರಿಯದ, ಒಳಮೈ ಇಲ್ಲದ ಒಂದು ಖಾಲಿ ಎಳೆ. ಇಂಥ ಎಳೆಗಳು ಕೋವಿಡ್‌ನಿಂದ ಸತ್ತವರ ಮಿದುಳಿನಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಂಡವು. ಗಮನಿಸಬೇಕಾದ್ದೆಂದರೆ, ಇಲ್ಲಿಯೂ ವೈರಾಣು ಮುಟ್ಟಿದ್ದು ಕೊಳವೆಯನ್ನು, ನರಕೋಶವನ್ನಲ್ಲ.

ಇನ್ನೊಂದು ದಾರಿಯಲ್ಲಿ ವೈರಾಣು ಕೊಳವೆಯನ್ನೂ ಮುಟ್ಟಬೇಕಿಲ್ಲ. ಶ್ವಾಸಕೋಶದಲ್ಲಿ ಸೋಂಕು ಹತ್ತಿದಾಗ ನಮ್ಮದೇ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್–6, ಟಿಎನ್‌ಎಫ್ ಮುಂತಾದ ಸೈಟೊಕೈನ್‌ಗಳನ್ನು, ಅಂದರೆ ಎಚ್ಚರಿಕೆಯ ರಾಸಾಯನಿಕಗಳನ್ನು, ರಕ್ತಕ್ಕೆ ಬಿಡುತ್ತವೆ. ಅವು ಅಳತೆ ಮೀರಿದರೆ ಮಿದುಳಿನ ಲೋಮನಾಳದ ಹೊಲಿಗೆ ಸಡಿಲಗೊಳ್ಳುತ್ತದೆ, ಬಿಳಿ ರಕ್ತಕಣಗಳು ಒಳಮೈಗೆ ಅಂಟಿಕೊಳ್ಳುತ್ತವೆ, ಸಣ್ಣ ಹೆಪ್ಪುಗಳು ಕಟ್ಟುತ್ತವೆ. ಒಳಗಡೆ ಕಾವಲಿರುವ ಮೈಕ್ರೊಗ್ಲಿಯಾ ಎಂಬ ಕೋಶಗಳು ಕೆರಳಿ, ತಮ್ಮವರನ್ನೇ ಕೆಣಕತೊಡಗುತ್ತವೆ. ಸ್ಟ್ಯಾನ್‌ಫರ್ಡ್‌ನ ಮಿಷೆಲ್ ಮೊಂಜೆ, ಯೇಲ್‌ನ ಅಕಿಕೊ ಇವಾಸಾಕಿ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಈ ದೃಷ್ಟಿಯಿಂದ ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಸೋಂಕು ಉಸಿರಾಟದ ದಾರಿಗಷ್ಟೇ ಸೀಮಿತವಾಗುವಂತೆ ಇಲಿಗಳನ್ನು ಸಿದ್ಧಪಡಿಸಿ, ಅವುಗಳಿಗೆ ಸೌಮ್ಯ ರೂಪದ ಕೋವಿಡ್ ತಗುಲಿಸಿದರು. ಇಲಿಗಳು ಮೇಲ್ನೋಟಕ್ಕೆ ಕಾಯಿಲೆ ಬಿದ್ದಂತೆಯೂ ಕಾಣಲಿಲ್ಲ, ಮಿದುಳಿನಲ್ಲಿ ವೈರಾಣುವೂ ಇರಲಿಲ್ಲ. ಆದರೆ ವಾರಗಳ ನಂತರವೂ ಮಿದುಳಿನ ಶ್ವೇತಭಾಗದಲ್ಲಿ ಮೈಕ್ರೊಗ್ಲಿಯಾ ಕೆರಳಿದ್ದವು, ನರತಂತುಗಳಿಗೆ ಹೊದಿಕೆ ಹೆಣೆಯುವ ಕೋಶಗಳು ಕಡಿಮೆಯಾಗಿದ್ದವು, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳ ಹುಟ್ಟು ಇಳಿದಿತ್ತು. ಎಚ್1ಎನ್1 ಇನ್‌ಫ್ಲುಯೆಂಜಾ ತಗುಲಿಸಿದ ಇಲಿಗಳಲ್ಲೂ ಇದನ್ನು ಭಾಗಶಃ ಹೋಲುವ ಬದಲಾವಣೆಗಳಿದ್ದವು. ಆಮ್ಲಜನಕ 95ರಲ್ಲಿದ್ದೂ ದಶಕ ಮರೆತವನ ಅಣ್ಣನಾಗಿ ಆ ಪ್ರಬಂಧವನ್ನು ಎರಡು ಸಲ ಓದಿದೆ.

ಮೂಗಿನ ದಾರಿಯ ಬಗ್ಗೆ ತಮ್ಮ ಬರಹ ಬಹಳ ಹೇಳಿದೆ, ಹಾಗಾಗಿ ನಾನು ಚಿಕ್ಕದಾಗಿ ಮುಗಿಸುತ್ತೇನೆ. ಕೋವಿಡ್‌ನಲ್ಲಿ ವಾಸನೆ ಹೋದದ್ದಕ್ಕೆ ವಾಸನೆಯ ನರವೇ ತಿಂದುಹೋಯಿತು ಎಂಬ ಭಯ ಆರಂಭದಲ್ಲಿತ್ತು. ವೈರಾಣು ಹೆಚ್ಚಾಗಿ ಹಿಡಿಯುವುದು ನರಕೋಶವನ್ನಲ್ಲ, ಅದರ ಪಕ್ಕದಲ್ಲಿ ಆಸರೆಯಾಗಿರುವ ಪೋಷಕ ಕೋಶಗಳನ್ನು ಎಂದು ನಂತರ ಗೊತ್ತಾಯಿತು. ಎರಡನೇ ಅಲೆಯಲ್ಲಿ ನಮ್ಮ ರಾಜ್ಯವನ್ನು ಕಂಗೆಡಿಸಿದ ಕಪ್ಪು ಶಿಲೀಂಧ್ರ ಮೂಗಿನಿಂದ ಕಣ್ಣಿಗೆ, ಮಿದುಳಿಗೆ ಹಬ್ಬಿದ್ದು ನಿಜ. ಆದರೆ ಅದು ಮೂಳೆಯನ್ನೂ ರಕ್ತನಾಳವನ್ನೂ ಕೊರೆದುಕೊಂಡು ಹೋಗುವ ಬೂಷ್ಟು, ಈ ಸೋರಿಕೆಯ ಕಥೆಗೂ ಅದಕ್ಕೂ ಸಂಬಂಧವಿಲ್ಲ. ತಮ್ಮ ಬರಹ ಎರಡನ್ನೂ ಒಂದೇ ಪ್ಯಾರಾದಲ್ಲಿ ಸೇರಿಸಿದ್ದು ಸರಿಯಲ್ಲ.

ಬದುಕಿರುವವರಲ್ಲಿ ಸೋರಿಕೆಯನ್ನು ಅಳೆದದ್ದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು, 2024ರಲ್ಲಿ. ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ಲೋಹದ ಸಂಯುಕ್ತವನ್ನು ಚುಚ್ಚಿ, ಅದು ಮಿದುಳಿನ ಅಂಗಾಂಶಕ್ಕೆ ಎಷ್ಟು ಜಿನುಗುತ್ತದೆ ಎಂಬುದನ್ನು ಎಂಆರ್‌ಐ ಯಂತ್ರದಲ್ಲಿ ಒಂದರ ಹಿಂದೊಂದು ಚಿತ್ರ ತೆಗೆದು ನೋಡುವ ವಿಧಾನ ಅವರದು; ಎರ್ಲಿಷ್ ಅವರ ಬಣ್ಣದ ಪ್ರಯೋಗವೇ ನೂರಮೂವತ್ತೊಂಬತ್ತು ವರ್ಷ ದಾಟಿ, ಕತ್ತಿ ಹಾಕದೆ ಮತ್ತೆ ನಡೆದಂತೆ. ಹೀಗೆ ಪರೀಕ್ಷಿಸಿದ್ದು 32 ಮಂದಿಯನ್ನು. ಹತ್ತು ಮಂದಿ ಕೋವಿಡ್‌ನಿಂದ ಪೂರ್ತಿ ಚೇತರಿಸಿಕೊಂಡವರು, 22 ಮಂದಿ ದೀರ್ಘ ಕೋವಿಡ್‌ನವರು, ಅಂದರೆ ಸೋಂಕು ಹೋದ ಮೇಲೂ ಲಕ್ಷಣಗಳು ಉಳಿದವರು, ಆ 22ರಲ್ಲಿ 11 ಮಂದಿಗೆ ಮಾತ್ರ ‘ಬ್ರೈನ್ ಫಾಗ್’ ಎನ್ನಲಾಗುವ ಮಂಕುತನವಿತ್ತು. ಸೋರಿಕೆ ಎದ್ದು ಕಂಡದ್ದು ಈ ಹನ್ನೊಂದು ಮಂದಿಯ ಗುಂಪಿನಲ್ಲಿ. ದೀರ್ಘ ಕೋವಿಡ್ ಇದ್ದೂ ಮಂಕುತನ ಇಲ್ಲದವರಲ್ಲಿ ಹಾಗಿರಲಿಲ್ಲ. ತೀವ್ರ ಸೋಂಕಿನ ಹಂತದಲ್ಲಿ ಮಂಕು ಕವಿದವರ ರಕ್ತದಲ್ಲಿ ಎಸ್100–ಬೀಟಾ ಎಂಬ, ಸಾಮಾನ್ಯವಾಗಿ ಆಸ್ಟ್ರೋಸೈಟ್‌ಗಳೊಳಗೇ ಇರಬೇಕಾದ ಪ್ರೋಟೀನ್ ಹೆಚ್ಚಾಗಿತ್ತು. ಸೋರುವ ಪೈಪು ಎರಡೂ ಕಡೆಗೆ ಸೋರುತ್ತದಲ್ಲವೇ. ಹನ್ನೊಂದು ಮಂದಿ ಎಂದರೆ ಒಂದು ಕ್ರಿಕೆಟ್ ತಂಡ, ಅಷ್ಟರಿಂದ ಜಗತ್ತಿನ ತೀರ್ಮಾನ ಮಾಡಲಾಗದು, ಸೋರಿಕೆಯಿಂದಲೇ ಮಂಕುತನ ಬಂತೋ ಎರಡಕ್ಕೂ ಮೂಲ ಬೇರೊಂದಿದೆಯೋ ಎಂಬುದನ್ನೂ ಇಂಥ ಅಧ್ಯಯನ ಹೇಳಲಾರದು. ಆದರೂ, ‘ಎಲ್ಲ ನಿಮ್ಮ ಮನಸ್ಸಿನ ಭ್ರಮೆ’ ಎಂದು ಹೇಳಿ ಕಳಿಸುವ ಮುನ್ನ ವೈದ್ಯರು ಒಂದು ಕ್ಷಣ ತಡೆಯಬೇಕು ಎನ್ನುವುದಕ್ಕೆ ಅಷ್ಟು ಸಾಕು.

ದೊಡ್ಡ ಸಂಖ್ಯೆಯ ಅಧ್ಯಯನಗಳೂ ಇವೆ, ಅವು ಗೋಡೆಯನ್ನು ಅಳೆಯಲಿಲ್ಲ, ಫಲವನ್ನು ಅಳೆದವು. ಬ್ರಿಟನ್ನಿನಲ್ಲಿ ಸಾಂಕ್ರಾಮಿಕಕ್ಕೆ ಮೊದಲೇ ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡಿದ್ದ 785 ಮಂದಿಯನ್ನು ಮತ್ತೆ ಕರೆದು ಸ್ಕ್ಯಾನ್ ಮಾಡಿದರು. ಆ ನಡುವೆ ಸೋಂಕು ತಗುಲಿದ್ದ 401 ಮಂದಿಯಲ್ಲಿ, ವಾಸನೆಗೆ ಸಂಬಂಧಿಸಿದ ಭಾಗಗಳ ಬೂದುಭಾಗ ಉಳಿದವರಿಗಿಂತ ಶೇಕಡ 0.2ರಿಂದ 2ರಷ್ಟು ಹೆಚ್ಚು ಸವೆದಿತ್ತು. ಇಂಗ್ಲೆಂಡಿನಲ್ಲಿ 1,12,000ಕ್ಕೂ ಹೆಚ್ಚು ಜನ ಬುದ್ಧಿ ಪರೀಕ್ಷೆಗೆ ಉತ್ತರಿಸಿದ ಇನ್ನೊಂದು ಅಧ್ಯಯನ, ಸೌಮ್ಯ ಕೋವಿಡ್ ಬಂದು ಗುಣವಾದವರಲ್ಲೂ ಸರಾಸರಿ 3 ಐಕ್ಯೂ ಅಂಕದಷ್ಟು, ಲಕ್ಷಣಗಳು ಉಳಿದೇ ಇದ್ದವರಲ್ಲಿ 6 ಅಂಕದಷ್ಟು ಹಿನ್ನಡೆಯನ್ನು ಗುರುತಿಸಿತು. ಮೂರು ಅಂಕ ಹೋದರೆ ಬದುಕೇನೂ ನಿಲ್ಲುವುದಿಲ್ಲ. ಆದರೆ ಬಾಯಿ ಲೆಕ್ಕದಿಂದಲೇ ಅನ್ನ ಸಂಪಾದಿಸುವವನಿಗೆ ಅದು ಕಾಣದೇ ಇರುವುದೂ ಇಲ್ಲ.

ಇದೆಲ್ಲ ಕೋವಿಡ್ ಒಂದರ ಗುಣವಲ್ಲ. ತಮ್ಮ ಬರಹ ಬಿಟ್ಟಿರುವ ಮುಖ್ಯ ವಿಷಯ ಇದು, ತಂದೆತಾಯಿಯರು ಇದನ್ನು ತಿಳಿದಿರಬೇಕು. ಸಾಮಾನ್ಯ ಫ್ಲೂ ಬಂದ ಕೆಲವೇ ಕೆಲವು ಮಕ್ಕಳಲ್ಲಿ, ಜ್ವರ ಬಂದ ಒಂದೆರಡು ದಿನದೊಳಗೇ, ಪ್ರಜ್ಞೆ ಮಸುಕಾಗಿ ಸೆಳೆತ ಬರುತ್ತದೆ. 1995ರಲ್ಲಿ ಜಪಾನಿನ ಮಕ್ಕಳ ವೈದ್ಯರು ಇದರ ಅತ್ಯಂತ ತೀವ್ರ ರೂಪವನ್ನು ವಿವರಿಸಿದರು: ಮಿದುಳಿನ ಆಳದಲ್ಲಿರುವ ಥಲಾಮಸ್ ಎರಡೂ ಬದಿಯಲ್ಲಿ ಊದಿ ಕೊಳೆತಂತಾಗುತ್ತದೆ. ಇಂಥ ಮಕ್ಕಳ ಬೆನ್ನುಹುರಿಯ ದ್ರವ ತೆಗೆದು ನೋಡಿದರೆ ಹೆಚ್ಚಾಗಿ ವೈರಾಣು ಸಿಗುವುದಿಲ್ಲ. ಸೈಟೊಕೈನ್‌ಗಳ ಅಬ್ಬರದಲ್ಲಿ ಗೋಡೆ ಸೋರಿ ಆದ ಅನಾಹುತ ಇದೆಂಬುದೇ ಈಗಿನ ತಿಳಿವಳಿಕೆ. 2025ರಲ್ಲಿ ಅಮೆರಿಕದ ವೈದ್ಯರು ಇಂಥ 41 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಮೊದಲು ಆರೋಗ್ಯವಾಗಿದ್ದ ಮಕ್ಕಳು, ಹೆಚ್ಚಿನವರಿಗೆ ಆ ವರ್ಷದ ಫ್ಲೂ ಲಸಿಕೆ ಆಗಿರಲಿಲ್ಲ. ಜ್ವರದ ಕಾವಿಗೆ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರುವುದು ಅಪರೂಪವಲ್ಲ, ಅದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ನಿಂತು ಮಗು ಎಂದಿನಂತಾಗುತ್ತದೆ. ಆದರೆ ಫಿಟ್ಸ್ ನಿಂತ ಮೇಲೂ ಮಗು ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಅಮ್ಮನನ್ನು ಗುರುತಿಸದಿದ್ದರೆ, ಸಂಬಂಧವಿಲ್ಲದ ಮಾತಾಡಿದರೆ, ಬೆಳಗಾಗಲಿ ಎಂದು ಕಾಯದೆ ಮಕ್ಕಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಒಯ್ಯಬೇಕು. ಫ್ಲೂ ಜ್ವರದ ಮಗುವಿಗೆ ಆಸ್ಪಿರಿನ್ ಕೊಡಲೇಬಾರದು. ಅದು ರೇಸ್ ಸಿಂಡ್ರೋಮ್ ಎಂಬ, ಪಿತ್ತಜನಕಾಂಗವನ್ನೂ ಮಿದುಳನ್ನೂ ಒಟ್ಟಿಗೆ ಕೆಡಿಸುವ ಬೇರೊಂದು ಅಪಾಯ. ಮಲೆನಾಡಿನವರಾದ ನಮಗೆ, ಉಣ್ಣೆ ಕಚ್ಚುವುದರಿಂದ ಬರುವ ಮಂಗನ ಕಾಯಿಲೆಯಲ್ಲಿ ಜ್ವರ ಬಿಟ್ಟಂತಾಗಿ ಮತ್ತೆ ಮರುಕಳಿಸಿ ತಲೆಗೇರುವುದು 1957ರಿಂದಲೂ ಗೊತ್ತು. ಹಾಗಿದ್ದೂ ಫ್ಲೂವನ್ನು ನೆಗಡಿಯ ಸಾಲಿಗೆ ಸೇರಿಸಿ ಸುಮ್ಮನಾಗುತ್ತೇವೆ.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುವ ಇನ್ನೊಂದು ಮಾತಿಗೂ ಇಲ್ಲೇ ಉತ್ತರಿಸಬೇಕು. ಕೊರೊನಾ ವೈರಾಣುವಿನ ಮೈಮೇಲೆ ಮುಳ್ಳಿನಂತಿರುವ ಸ್ಪೈಕ್ ಪ್ರೋಟೀನ್ ಇಲಿಗಳ ಮಿದುಳಿನ ತಡೆಯನ್ನು ದಾಟಿತು ಎಂದು 2020ರ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದ್ದು ನಿಜ. ಅದನ್ನು ಹಿಡಿದುಕೊಂಡು, ಲಸಿಕೆ ಮಿದುಳನ್ನು ತೂತು ಮಾಡುತ್ತದೆ ಎಂದು ಹಬ್ಬಿಸಲಾಗಿದೆ. ಆ ಪ್ರಯೋಗದಲ್ಲಿ ಮಾಡಿದ್ದು, ವಿಕಿರಣಶೀಲ ಅಯೋಡಿನ್ ಗುರುತು ಹಚ್ಚಿದ ಪ್ರೋಟೀನಿನ ತುಣುಕನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿ ಹಿಂಬಾಲಿಸಿದ್ದು. ಪ್ರೋಟೀನ್ ದಾಟಿದ್ದು ಕೀಲು ಒಡೆದಲ್ಲ, ಕೋಶದ ಒಳಗಿಂದ, ಸಾಗಿಸಲ್ಪಟ್ಟು. ಆ ಪ್ರಯೋಗದಲ್ಲಿ ಲಸಿಕೆ ಇರಲೇ ಇಲ್ಲ. ಅಳತೆಗೆ ಸಿಕ್ಕಿರುವ ಹಾನಿಗಳನ್ನು ನಾವು ಕಂಡಿರುವುದು ಸೋಂಕಿನಲ್ಲಿ.

ಹಾಗೆಂದು ಈ ಪತ್ರ ಓದಿದವರು ಎಂಆರ್‌ಐ ಮಾಡಿಸಲು ಸಾಲು ನಿಲ್ಲಬೇಕಿಲ್ಲ. ಡಬ್ಲಿನ್‌ನಲ್ಲಿ ಮಾಡಿದ್ದು ಸಂಶೋಧನೆಯ ಸ್ಕ್ಯಾನ್. ನಮ್ಮ ಊರುಗಳ ಸ್ಕ್ಯಾನ್ ಸೆಂಟರಿನಲ್ಲಿ ಸಾಮಾನ್ಯವಾಗಿ ಮಾಡುವ ಎಂಆರ್‌ಐಯಲ್ಲಿ ಇಂಥ ಸೂಕ್ಷ್ಮ ಸೋರಿಕೆ ಕಾಣುವುದಿಲ್ಲ, ‘ನಾರ್ಮಲ್’ ಎಂದು ವರದಿ ಬಂದರೆ ರೋಗಿಗೆ ಇನ್ನೊಂದು ಸಲ ಸುಳ್ಳುಗಾರನ ಪಟ್ಟ. ಸೋರಿದ ಪೈಪಿಗೆ ಬೆಸುಗೆ ಹಾಕುವ ಔಷಧಿ ಎಂದು ಯಾವುದೂ ಈಗ ಸಿದ್ಧವಿಲ್ಲ. ಮಿದುಳಿನ ಗೆಡ್ಡೆಯ ಸುತ್ತಲಿನ ಊತ ಇಳಿಸಲು ಡೆಕ್ಸಾಮೆಥಸೋನ್ ಬಳಸುವುದುಂಟು, ಅದು ಈ ಕೀಲುಗಳನ್ನು ಬಿಗಿ ಮಾಡುವುದೂ ಹೌದು. ಆದರೆ ಸ್ಟೆರಾಯ್ಡನ್ನು ಮನಸ್ಸಿಗೆ ಬಂದಂತೆ ನುಂಗಿದ್ದರ ಫಲವನ್ನು, ಸಕ್ಕರೆ ಕಾಯಿಲೆಯವರಲ್ಲಿ ಕಪ್ಪು ಶಿಲೀಂಧ್ರದ ರೂಪದಲ್ಲಿ, 2021ರಲ್ಲಿ ಕಂಡಿದ್ದೇವೆ. ನೆನಪಿನ ಶಕ್ತಿಗೆ ಎಂದು ಜಾಹೀರಾತಾಗುವ ಟಾನಿಕ್‌ಗಳ ಬಗ್ಗೆ ನಾನು ಹೇಳದಿರುವುದೇ ಮೇಲು. ಅವುಗಳಲ್ಲಿ ಕೆಲವು ತಮ್ಮ ಪತ್ರಿಕೆಯ ಅದೇ ಪುಟದ ಕೆಳಭಾಗದಲ್ಲಿದ್ದವು. ಮಾಡಬಹುದಾದ್ದು ಸಾಧಾರಣ ಕೆಲಸಗಳೇ: ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ, ನಿದ್ದೆ ಇವುಗಳನ್ನು ನೋಡಿಸಿ, ಗುಣಪಡಿಸಬಹುದಾದ ಬೇರೆ ಕಾರಣವಿಲ್ಲ ಎಂದು ಖಚಿತಪಡಿಸಿಕೊಳ್ಳುವುದು; ರಕ್ತದೊತ್ತಡ ಹತೋಟಿಯಲ್ಲಿಡುವುದು, ಏಕೆಂದರೆ ಅದೂ ಇದೇ ಸಣ್ಣ ನಾಳಗಳನ್ನೇ ಸವೆಸುತ್ತದೆ; ದಣಿವು ಏರದಷ್ಟು ಕೆಲಸವನ್ನು ಹಂಚಿಕೊಂಡು ಮಾಡುವುದು.

ತಮ್ಮಲ್ಲಿ ನನ್ನ ಕೋರಿಕೆ ಎರಡು. ‘ನುಗ್ಗುವ’ ಎಂಬ ಪದದ ಬಗ್ಗೆ ಒಂದು ಚಿಕ್ಕ ಸ್ಪಷ್ಟನೆಯನ್ನು ಅದೇ ಪುಟದಲ್ಲಿ ಪ್ರಕಟಿಸಬೇಕು. ಜ್ವರ ಮುಗಿದು ತಿಂಗಳುಗಳಾದ ಮೇಲೂ ಮಂಕುತನ ಹೇಳಿಕೊಳ್ಳುವವರನ್ನು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕನಿಷ್ಠ ದಾಖಲಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ತಮ್ಮ ವರದಿಗಾರರು ವಿಚಾರಿಸಿ ಬರೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ರಾಜ್ಯದಲ್ಲಿ ಇದಕ್ಕೆ ಡಬ್ಲಿನ್‌ನ ಹನ್ನೊಂದು ಮಂದಿಯನ್ನೇ ನಂಬಿ ಕೂರಬೇಕಾಗಿಲ್ಲ.

ಈ ಪತ್ರದ ಕರಡನ್ನು ಮೊದಲು ತಮ್ಮನಿಗೇ ಓದಲು ಕೊಟ್ಟೆ, ಅವನ ವಿಷಯ ಬರೆಯಲು ಅವನ ಒಪ್ಪಿಗೆ ಬೇಕಿತ್ತಲ್ಲ. ಬಿಗಿ ಸಂಧಿ, ಕ್ಲಾಡಿನ್ ಇತ್ಯಾದಿಗಳನ್ನು ಅವನು ಸರಸರನೆ ದಾಟಿದ. ಬ್ರಿಟನ್ನಿನ ಸ್ಕ್ಯಾನ್‌ಗಳ ಸಾಲಿಗೆ ಬಂದವನು ನಿಂತು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಬರೆಯಲು ಹೋಗಿ ಬರೆಯದೆ, “384 ಜನಕ್ಕೆ ಸೋಂಕೇ ತಗುಲಿರಲಿಲ್ಲ ಅಂತಾಯ್ತು, ಅದನ್ನೂ ಬರೀಬೇಕಿತ್ತು” ಎಂದ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶರೀರಕ್ರಿಯಾಶಾಸ್ತ್ರ ಅಧ್ಯಾಪಕ, ಶಿವಮೊಗ್ಗ